ಬೆರಕೆ ಸೊಪ್ಪಿನ ಲೆಕ್ಕ

(ಬೆಂಗಳೂರಿನ ಹನುಮಂತನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ತಾರಸಿ ತೋಟದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಬಾಯಿಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಸಭಿಕರು ನಡುವೆ ಎದ್ದು ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಡುವಾಗ ನನ್ನನ್ನು ‘ಸಾವಯವ ಕೃಷಿ ಸಾಧಕಿ’ ಎಂದರು. ಮೊದಲು ಅದನ್ನು ತಿದ್ದಿಬಿಡುತ್ತೇನೆ, ಮೂವತ್ತೊಂದು ವರ್ಷ ತಿದ್ದುವುದೇ ನನ್ನ ಕೆಲಸವಾಗಿತ್ತು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ಕೃಷಿ ಎಂಬುದು ಮಳೆಯನ್ನು ನಂಬಿ, ಸಾಲ ತಂದು, ಎಕರೆ ಲೆಕ್ಕದಲ್ಲಿ ಬಿತ್ತುವವರ ಮಾತು. ನನ್ನದು ಮೂವತ್ತು–ನಲವತ್ತರ ಸೈಟಿನ ಮೇಲಿನ ತಾರಸಿ. ಅದರಲ್ಲೂ ಅರ್ಧವನ್ನು ಸೋಲಾರ್ ಹೀಟರು, ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ತಂತಿ ಹಂಚಿಕೊಂಡಿವೆ. ಉಳಿದ ಅರ್ಧದಲ್ಲಿ ಹನ್ನೊಂದು ವರ್ಷದಿಂದ ಏನೋ ಒಂದಿಷ್ಟು ಬೆಳೆಯುತ್ತಿದ್ದೇನೆ, ಬೆಳೆದದ್ದನ್ನು ಅಡುಗೆ ಮಾಡುತ್ತಿದ್ದೇನೆ, ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.

ಆ ನೋಟ್‌ಬುಕ್ಕಿನ ಮೊದಲ ಪುಟ ನಾಚಿಕೆಯ ಪುಟ. ನಿವೃತ್ತಿಯಾದ ಜೂನ್ ತಿಂಗಳಲ್ಲಿ ಉತ್ಸಾಹ ಬಹಳ ಇತ್ತು. ಗ್ರೋ ಬ್ಯಾಗ್ ಎನ್ನುವ ಗಿಡ ಬೆಳೆಸುವ ಚೀಲ ಹದಿನೆಂಟು, ಒಂದು ಟೆಂಪೊ ಕೆಮ್ಮಣ್ಣು, ಗೊಬ್ಬರ, ಹೈಬ್ರಿಡ್ ಟೊಮೆಟೊ ಬೀಜ, ತಲೆಯ ಮೇಲೆ ಹಸಿರು ನೆರಳು ಬಲೆ, ಎಲ್ಲ ಸೇರಿ 9,300 ರೂಪಾಯಿ ಖರ್ಚು. ಫೆಬ್ರವರಿ ಹೊತ್ತಿಗೆ ಕೈಗೆ ಬಂದ ಟೊಮೆಟೊ 11 ಕಿಲೊ. ಭಾಗಿಸಿ ನೋಡಿ. ಕಿಲೊಗೆ 845 ರೂಪಾಯಿ. ಆ ವಾರ ಗಾಂಧಿ ಬಜಾರಿನಲ್ಲಿ ಟೊಮೆಟೊ ಕಿಲೊ ಹದಿನೈದು. ನಮ್ಮ ಯಜಮಾನರು ಬುಟ್ಟಿಯನ್ನು ನೋಡಿ, ‘ಇದನ್ನು ಸಾರಿಗೆ ಹಾಕುತ್ತೀಯೋ, ಲಾಕರಿನಲ್ಲಿ ಇಡುತ್ತೀಯೋ?’ ಎಂದು ಕೇಳಿದರು.

ತಪ್ಪು ಎಲ್ಲಿತ್ತು ಎಂಬುದು ತಿಳಿಯಲು ಎರಡು ವರ್ಷ ಬೇಕಾಯಿತು. ನಾನು ಅಂಗಡಿಯ ಚೀಟಿಯನ್ನು ತೆಗೆದುಕೊಂಡು ತಾರಸಿಗೆ ಹೋಗಿದ್ದೆ. ಟೊಮೆಟೊ ಎರಡು ಕಿಲೊ, ಹುರುಳಿಕಾಯಿ ಅರ್ಧ ಕಿಲೊ, ಬದನೆಕಾಯಿ ಒಂದು ಕಿಲೊ. ತಾರಸಿಗೆ ಕಿಲೊ ಎಂಬ ಭಾಷೆ ಬರುವುದಿಲ್ಲ. ಅದಕ್ಕೆ ಬರುವುದು ಹಿಡಿ. ಇವತ್ತು ಒಂದು ಹಿಡಿ ಇದು, ನಾಳೆ ಅರ್ಧ ಹಿಡಿ ಅದು. ಈ ಹಿಡಿಗಳನ್ನು ಊಟ ಮಾಡುವುದು ಹೇಗೆ ಎಂದು ಹೇಳಿಕೊಟ್ಟವರು ಪುಸ್ತಕದವರಲ್ಲ, ನಮ್ಮ ಅತ್ತೆ.

ಅವರು ಮಾಲೂರು ಕಡೆಯವರು. ಮಂಡಿ ನೋವಿನ ಚಿಕಿತ್ಸೆಗೆಂದು ನಮ್ಮಲ್ಲಿಗೆ ಬಂದು ಆರು ತಿಂಗಳು ಇದ್ದರು. ಒಂದು ಬೆಳಿಗ್ಗೆ ಚೀಲಗಳಲ್ಲಿ ಎದ್ದಿದ್ದ ಕಳೆಯನ್ನೆಲ್ಲ ಕಿತ್ತು ಕಾಂಪೋಸ್ಟ್ ಬುಟ್ಟಿಗೆ ಹಾಕಿ, ಕೈ ತೊಳೆದು ಕೆಳಗೆ ಬಂದೆ. ಅತ್ತೆ ನಿಧಾನವಾಗಿ ಮೆಟ್ಟಿಲು ಹತ್ತಿ ಬಿಸಿಲು ಕಾಯಿಸಲು ಹೋದವರು ಬಹಳ ಹೊತ್ತಾದರೂ ಇಳಿಯಲಿಲ್ಲ. ಹೋಗಿ ನೋಡಿದರೆ ಬುಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತು, ನಾನು ಎಸೆದದ್ದನ್ನು ಒಂದೊಂದಾಗಿ ಆರಿಸುತ್ತಿದ್ದಾರೆ! ಸೆರಗಿನಲ್ಲಿ ಮೂರು ಗುಡ್ಡೆ. ಕೆಂಪು ಕಾಂಡ, ದಪ್ಪ ಪುಟ್ಟ ಎಲೆ, ಅದು ಗೋಣಿಸೊಪ್ಪು. ತುದಿಯಲ್ಲಿ ಗುಲಾಬಿ ಬಣ್ಣದ ಕುಚ್ಚು ಬರುವುದು ಅಣ್ಣೆಸೊಪ್ಪು. ನೀಲಿ ಹೂವಿನದು ಕನ್ನೆಸೊಪ್ಪು. ‘ಯಾರಮ್ಮ ಇದನ್ನು ಕಿತ್ತು ಹಾಕಿದ್ದು? ಬಿತ್ತಿದ್ದು ಬರಲಿಲ್ಲ ಎಂದು ದಿನಾ ಅಳುತ್ತೀಯ, ಬಿತ್ತದೆ ಬಂದದ್ದನ್ನು ಎಸೆಯುತ್ತೀಯ’ ಎಂದರು.

ಅವತ್ತು ಮಧ್ಯಾಹ್ನ ಮಸ್ಸೊಪ್ಪು. ಮೂರು ಗುಡ್ಡೆಗಳ ಜೊತೆಗೆ ನನ್ನ ಚೀಲಗಳಿಂದ ನಾಲ್ಕು ದಂಟಿನ ಕುಡಿ, ಒಂದಿಷ್ಟು ಸಬ್ಬಸಿಗೆ, ಯಾವುದಕ್ಕೂ ಸಾಲದೆ ಉಳಿದಿದ್ದ ಮೆಂತ್ಯ. ತೊಗರಿಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಒಂದು ಈರುಳ್ಳಿ, ಒಂದು ಟೊಮೆಟೊ (ಅದೇ 845ರದ್ದು). ಬೆಂದ ಮೇಲೆ ಅತ್ತೆ ಮಿಕ್ಸಿಯನ್ನು ಮುಟ್ಟಗೊಡಲಿಲ್ಲ. ಮರದ ಕಡೆಗೋಲಿನಿಂದ ಮಸೆದರು. ಮಿಕ್ಸಿಗೆ ಹಾಕಿದರೆ ಹಸಿರು ಬಣ್ಣದ ಪೇಸ್ಟು ಆಗುತ್ತದೆ, ಬಾಯಿಗೆ ಏನೂ ಸಿಗುವುದಿಲ್ಲ. ಮಸೆದರೆ ಬೇಳೆ ಕರಗುತ್ತದೆ, ಎಲೆ ಎಳೆ ಎಳೆಯಾಗಿ ಉಳಿಯುತ್ತದೆ. ಹುಣಸೆರಸ ಬಿಟ್ಟು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ರಾಗಿಮುದ್ದೆಯ ಪಕ್ಕಕ್ಕೆ ಸುರಿದರು. ಗೋಣಿಸೊಪ್ಪಿಗೆ ಒಂದು ಸಣ್ಣ ಹುಳಿ ಇದೆ, ಕನ್ನೆಸೊಪ್ಪಿಗೆ ಲೋಳೆ ಇದೆ, ಸಬ್ಬಸಿಗೆಗೆ ಘಾಟು ವಾಸನೆ ಇದೆ. ಒಂದೊಂದನ್ನೇ ಮಾಡಿದರೆ ಯಾವುದೂ ಅಷ್ಟು ರುಚಿ ಬರುವುದಿಲ್ಲ. ಬೆರಕೆಯಾದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಬೆರಕೆ ಸೊಪ್ಪು ಎಂದರೆ ಇದೇ. ಕೋಲಾರ, ಬೆಂಗಳೂರು ಗ್ರಾಮಾಂತರ, ತುಮಕೂರು, ಮಂಡ್ಯದ ಹೊಲಗಳಲ್ಲಿ ಮಳೆ ಬಿದ್ದ ಮೇಲೆ ರಾಗಿಯ ಸಾಲಿನ ನಡುವೆ ಏಳುವುದನ್ನೆಲ್ಲ ಮಡಿಲಿಗೆ ತುಂಬಿಕೊಂಡು ಬರುವ ಹೆಂಗಸರ ಅಡುಗೆ. ಅದಕ್ಕೆ ಅಳತೆ ಇಲ್ಲ, ಚೀಟಿ ಇಲ್ಲ. ಇವತ್ತು ಏನು ಸಿಕ್ಕಿತೋ ಅದೇ ಅಡುಗೆ. ಇಂಥ ಅಡುಗೆ ಇರುವ ಊರಿನಲ್ಲಿ ಕೂತು ನಾನು ಹಿಡಿ ಸೊಪ್ಪು ಸಾಲದು ಎಂದು ಕೊರಗುತ್ತಿದ್ದೆ. ಅಂದಿನಿಂದ ನನ್ನ ತಾರಸಿಯಲ್ಲಿ ಕಾಯಿಗಳು ಕಡಿಮೆ, ಸೊಪ್ಪು ಜಾಸ್ತಿ. ಈಗ ಹದಿನಾಲ್ಕು ಬಗೆ ಇವೆ: ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ಪಾಲಕ್, ಬಸಳೆ, ಹೊನಗೊನ್ನೆ, ಗಣಿಕೆ, ಪುದೀನ, ದೊಡ್ಡಪತ್ರೆ, ಒಂದೆಲಗ, ಡ್ರಮ್ಮಿನಲ್ಲಿ ಕುಳ್ಳಾಗಿಯೇ ಕತ್ತರಿಸಿಟ್ಟ ಒಂದು ನುಗ್ಗೆ, ಮತ್ತೆ ಕರೆಯದೆ ಬರುವ ಗೋಣಿ, ಅಣ್ಣೆ. ಯಾವುದೂ ಒಂದು ಸಾರಿಗೆ ಸಾಲುವಷ್ಟು ಇಲ್ಲ. ಎಲ್ಲ ಸೇರಿದರೆ ವಾರಕ್ಕೆ ಮೂರು ಸಾರು.

ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಇಲ್ಲಿ ಎದ್ದು ಕೇಳಿದರು: ‘ಮೇಡಂ, ಸೊಪ್ಪು ಕಟ್ಟಿಗೆ ಹದಿನೈದು–ಇಪ್ಪತ್ತು ರೂಪಾಯಿಗೆ ಬಾಗಿಲಿಗೇ ಬರುತ್ತದೆ. ಇಷ್ಟು ಒದ್ದಾಟ ಯಾಕೆ?’

ಬಹಳ ಸರಿಯಾದ ಪ್ರಶ್ನೆ. ಬಾಗಿಲಿಗೆ ಬರುವ ಸೊಪ್ಪು ಯಾವ ನೀರು ಕುಡಿದು ಬಂದಿದೆ ಎಂಬುದೇ ನನ್ನ ಉತ್ತರ. ನಮ್ಮ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತು ಎಂದು ಹೇಳುವ ವೃಷಭಾವತಿ ಈಗ ಏನಾಗಿದೆ ಎಂಬುದನ್ನು ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ತೆರೆದವರಿಗೆಲ್ಲ ಗೊತ್ತು. ಆ ನೀರು ಹರಿದು ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ದಾರಿಯುದ್ದಕ್ಕೂ ಅದರಿಂದ ಬೆಳೆ ಬೆಳೆಯುತ್ತಾರೆ. ಅಲ್ಲಿನ ಮಣ್ಣು, ತರಕಾರಿಗಳಲ್ಲಿ ಭಾರಲೋಹಗಳು ಇರುವುದನ್ನು ವಿಜ್ಞಾನಿಗಳು ಮತ್ತೆ ಮತ್ತೆ ಅಳೆದು ತೋರಿಸಿದ್ದಾರೆ. ಎಲೆ ತರಕಾರಿ ಇಂಥ ಲೋಹವನ್ನು ಕಾಯಿಗಳಿಗಿಂತ ಹೆಚ್ಚು ಎಳೆದುಕೊಳ್ಳುತ್ತದೆ, ಮತ್ತು ಉಪ್ಪುನೀರಿನಲ್ಲಿ ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ರೈತರನ್ನು ನಾನು ದೂರುವುದಿಲ್ಲ. ಕೊಳಕು ನಮ್ಮದು, ನಾವು ಫ್ಲಶ್ ಮಾಡಿ ಕಳುಹಿಸಿದ್ದು. ಎಲ್ಲ ಸೊಪ್ಪೂ ಅಲ್ಲಿಂದ ಬರುವುದಿಲ್ಲ ಎಂಬುದೂ ನಿಜ. ಆದರೆ ಕಟ್ಟಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲವಲ್ಲ. ಜಾಗ ಸ್ವಲ್ಪವೇ ಇದ್ದರೆ ಯಾವುದನ್ನು ಮನೆಯಲ್ಲಿ ಬೆಳೆಯಬೇಕು ಎಂದರೆ, ನನ್ನ ಮಟ್ಟಿಗೆ ಸೊಪ್ಪನ್ನು. ಆಲೂಗಡ್ಡೆ, ಕುಂಬಳಕಾಯಿಗಳನ್ನು ಹಾಪ್‌ಕಾಮ್ಸ್‌ನಿಂದಲೇ ತರುತ್ತೇನೆ.

ಇನ್ನೊಂದು ಕಾರಣ ತೂಕ. ಇದನ್ನು ಯಾರೂ ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಜನ ಓಡಾಡುವ ತಾರಸಿಗೆ ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೊ. ಇಪ್ಪತ್ತು ಲೀಟರ್ ಹಿಡಿಯುವ ಚೀಲಕ್ಕೆ ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ 35 ಕಿಲೊ ತೂಗುತ್ತದೆ. ಒಂದು ಚದರ ಮೀಟರಿನಲ್ಲಿ ಒತ್ತೊತ್ತಾಗಿ ಒಂಬತ್ತು ಚೀಲ ಹಿಡಿಸುತ್ತವೆ. ಒಂಬತ್ತು ಮೂವತ್ತೈದಲಿ 315. ಎರಡು ಪಟ್ಟಿಗಿಂತ ಹೆಚ್ಚು! ನಾನು ಮೊದಲ ವರ್ಷ ಮಾಡಿದ್ದು ಇದನ್ನೇ. ಗುಣಿಸಿ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನ ಚೀಲಗಳನ್ನೆಲ್ಲ ಕೆಳಗೆ ಗೋಡೆ ಇರುವ ಅಂಚಿಗೆ ಎಳೆದು ಸಾಲಾಗಿ ನಿಲ್ಲಿಸಿದೆ. ಆಮೇಲೆ ಮಣ್ಣು ಬದಲಾಯಿಸಿದೆ. ಈಗ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಮನೆಯ ಕಾಂಪೋಸ್ಟು, ಒಂದು ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅದನ್ನು ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಬೇಕು, ಅದರಲ್ಲಿ ಉಪ್ಪಿನಂಶ ಇರುತ್ತದೆ. ಟೊಮೆಟೊಗೆ ಒಂದಡಿಗಿಂತ ಆಳ ಬೇಕು. ಸೊಪ್ಪಿಗೆ ಏಳೆಂಟು ಅಂಗುಲ ಸಾಕು. ಮಣ್ಣು ಅರ್ಧ, ತೂಕ ಅರ್ಧ. ತಾರಸಿ ಹಳೆಯದಾಗಿದ್ದರೆ ಚೀಲ ಕೊಳ್ಳುವ ಮೊದಲು ಒಬ್ಬ ಎಂಜಿನಿಯರನ್ನು ಕರೆಸಿ ತೋರಿಸಿ. ಜಲನಿರೋಧಕ ಮಾಡಿಸಿರದಿದ್ದರೆ ಕೆಳಗಿನ ಮನೆಯವರು ಬೇಗ ನಿಮ್ಮ ಬಾಗಿಲು ತಟ್ಟುತ್ತಾರೆ, ಸೊಪ್ಪು ಕೇಳುವುದಕ್ಕಂತೂ ಅಲ್ಲ.

ನೀರಿನ ಮಾತಿಗೆ ಬರುತ್ತೇನೆ. 2024ರ ಮಾರ್ಚ್ ತಿಂಗಳು ಎಲ್ಲರಿಗೂ ನೆನಪಿದೆ. ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಕ್ಕೆ ಹಾಕಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ತಾರಸಿ ತೋಟದವರು ಬಹಳ ಮಂದಿ ಸಿಟ್ಟಾದರು. ನಾನು ಆಗಲಿಲ್ಲ. ಕಾವೇರಿ ನೀರು ನೂರು ಕಿಲೊಮೀಟರ್ ದೂರದಿಂದ, ಸುಮಾರು ಅರ್ಧ ಕಿಲೊಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. ಅದನ್ನು ಹರಿವೆ ಸೊಪ್ಪಿಗೆ ಸುರಿದು ‘ನೈಸರ್ಗಿಕ’ ಎಂದು ಹೆಸರಿಟ್ಟರೆ ಯಾರಿಗೆ ಮೋಸ? ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಸಾವಿರ ಚದರ ಅಡಿ ತಾರಸಿಯ ಮೇಲೆ ಬೀಳುವುದು 90,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 72,000 ಉಳಿಯಿತು. ನನ್ನ ತೋಟಕ್ಕೆ ದಿನಕ್ಕೆ ಮೂರು ಬಕೆಟ್, 45 ಲೀಟರ್, ವರ್ಷಕ್ಕೆ 16,425. ಲೆಕ್ಕದ ಪ್ರಕಾರ ನಾನು ಶ್ರೀಮಂತಳು. ಆದರೆ ಮಳೆ ಸುರಿಯುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಗಿಡ ಬಾಯಿ ಬಿಡುವುದು ಮಾರ್ಚಿನಲ್ಲಿ. ನನ್ನ ಸಾವಿರ ಲೀಟರಿನ ತೊಟ್ಟಿ 22 ದಿನಕ್ಕೆ ಬರಿದು. ಹಾಗಾಗಿ ಬೇಸಿಗೆಯಲ್ಲಿ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಸಿಂಕಿಗೆ ಹೋಗುವುದಿಲ್ಲ, ಕೆಳಗಿಟ್ಟ ಬೋಗುಣಿಗೆ ಹೋಗುತ್ತದೆ. ಅದೂ ಸಾಲದಿದ್ದಾಗ ಅರ್ಧ ಚೀಲಗಳನ್ನು ಖಾಲಿ ಬಿಟ್ಟು, ಒಣ ಎಲೆಯ ಮುಚ್ಚಿಗೆ ಹೊದಿಸಿ, ಜೂನ್‌ವರೆಗೆ ಮಲಗಿಸುತ್ತೇನೆ. ರೈತರು ನೆಲವನ್ನು ಬೀಳು ಬಿಡುವುದಿಲ್ಲವೇ?

ಗೊಬ್ಬರದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಮೂವರ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕಿಲೊ ಹಸಿ ಕಸ. ಹಿಂದೆ ಅದೆಲ್ಲ ಲಾರಿ ಹತ್ತಿ, ನಗರದ ಕಸ ಸುರಿಯುತ್ತಿದ್ದ ಮಂಡೂರು ಎಂಬ ಹಳ್ಳಿಗೆ ಹೋಗುತ್ತಿತ್ತು. 2014ರಲ್ಲಿ ಆ ಊರಿನವರು ಸಾಕು ಎಂದು ಬೀದಿಗಿಳಿದ ಮೇಲೆ ನಮಗೆ ಬುದ್ಧಿ ಬಂತು. ಒಂದು ಮಗ್ ಹಸಿ ಕಸಕ್ಕೆ ಎರಡು ಮಗ್ ಒಣ ಎಲೆ, ವಾರಕ್ಕೊಮ್ಮೆ ಮಗುಚುವುದು, ಅಷ್ಟೇ. ನಾತ ಬಂದರೆ ನೀರು ಹೆಚ್ಚಾಗಿದೆ, ಒಣ ಎಲೆ ಹಾಕಿ. ಇರುವೆ ಬಂದರೆ ನೀರು ಕಡಿಮೆಯಾಗಿದೆ, ಚಿಮುಕಿಸಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದ ದಿನ ಅದು ಗೊಬ್ಬರ. ಜೀವಾಮೃತ ಎಂಬ ದ್ರವ ಗೊಬ್ಬರ ಮಾಡುವವರು ಎಕರೆಯ ಅಳತೆಯನ್ನು ತಾರಸಿಗೆ ತರಬೇಡಿ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರು ಹೇಳುವ ಹತ್ತು ಕಿಲೊ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕಿಲೊ ಬೆಲ್ಲ, ಎರಡು ಕಿಲೊ ಬೇಳೆಹಿಟ್ಟು, ಇನ್ನೂರು ಲೀಟರ್ ನೀರು, ಇದು ಒಂದು ಎಕರೆಗೆ. ಇಪ್ಪತ್ತರಿಂದ ಭಾಗಿಸಿದರೂ ನನಗೆ ಜಾಸ್ತಿಯೇ ಆಯಿತು. ಉಳಿದದ್ದನ್ನು ಬೀದಿಯ ಹೊಂಗೆ ಮರಕ್ಕೆ ಸುರಿದೆ, ಎರಡು ದಿನ ಆ ಕಡೆ ಯಾರೂ ವಾಕಿಂಗ್ ಬರಲಿಲ್ಲ.

ಹುಳುಗಳ ಬಗ್ಗೆ ಎಲ್ಲ ಕಡೆಯೂ ಪ್ರಶ್ನೆ ಬರುತ್ತದೆ. ಈ ನಗರಕ್ಕೆ ತಾರಸಿ ತೋಟದ ಪಾಠ ಹೇಳಿದವರಲ್ಲಿ ಮೊದಲಿಗರಾದ ಡಾ. ಬಿ.ಎನ್. ವಿಶ್ವನಾಥ್ ಅವರು ಕೀಟಶಾಸ್ತ್ರದವರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಹುಳುವನ್ನು ಬಲ್ಲವರೇ ವಿಷವಿಲ್ಲದೆ ಬೆಳೆಯಿರಿ ಎಂದರೆ ಆ ಮಾತಿಗೆ ತೂಕ ಹೆಚ್ಚು. ಸೊಪ್ಪಿನ ಇನ್ನೊಂದು ಉಪಕಾರ ಇಲ್ಲಿದೆ. ದಂಟು ಬಿತ್ತಿದ ಇಪ್ಪತ್ತೈದು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹುಳು ಸಂಸಾರ ಹೂಡುವ ಹೊತ್ತಿಗೆ ಎಲೆ ನಮ್ಮ ಪಾತ್ರೆಯಲ್ಲಿರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ದಂಟು ಕೊಯ್ದಂತೆಲ್ಲ ಮತ್ತೆ ಚಿಗುರುತ್ತದೆ. ಹಿಟ್ಟುತಿಗಣೆ ಬಂದರೆ ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು. ಸಂಜೆಯೇ ಸಿಂಪಡಿಸಬೇಕು, ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ. ಪಾರಿವಾಳಕ್ಕೆ ಮದ್ದಿಲ್ಲ, ಬಲೆ ಕಟ್ಟಿ.

ಈಗ ಸ್ವಲ್ಪ ಜಗಳದ ಮಾತು. ‘ನೈಸರ್ಗಿಕವಾದದ್ದೆಲ್ಲ ಒಳ್ಳೆಯದು, ಮನೆಯಲ್ಲಿ ಮಾಡಿದ್ದೆಲ್ಲ ಆರೋಗ್ಯಕರ’ ಎಂಬ ಮಾತನ್ನು ಇಂಥ ಸಭೆಗಳಲ್ಲಿ ಬಹಳ ಕೇಳುತ್ತೇನೆ. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಚಕ್ರಮುನಿ ಸೊಪ್ಪಿದೆ? (ಹತ್ತು ಹನ್ನೆರಡು ಕೈಗಳು ಎದ್ದವು.) ವಿಟಮಿನ್ ಸೊಪ್ಪು ಎಂದು ಎಲ್ಲರೂ ನೆಡುತ್ತಾರೆ, ಬೇಲಿಗೂ ಚೆಂದ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಇದರ ಹಸಿ ರಸವನ್ನು ದಿನವೂ ಕುಡಿದ ಅನೇಕರಿಗೆ ಶ್ವಾಸಕೋಶ ಹಾಳಾಯಿತು, ಕೆಲವರು ಸತ್ತರು. ಸಾರಿಗೆ ಒಂದು ಹಿಡಿ ಹಾಕಿ ಬೇಯಿಸಿ ತಿನ್ನುವುದು ಬೇರೆ, ಬೆಳಿಗ್ಗೆ ಎದ್ದು ಲೋಟಗಟ್ಟಲೆ ಹಸಿರು ರಸ ಇಳಿಸುವುದು ಬೇರೆ. ಸೋರೆಕಾಯಿಯೂ ಹಾಗೆಯೇ. ಬಳ್ಳಿ ಒತ್ತಡಕ್ಕೆ ಸಿಕ್ಕಿದರೆ ಕಾಯಿ ಕಹಿಯಾಗುತ್ತದೆ, ಆ ಕಹಿ ವಿಷ. ದೆಹಲಿಯಲ್ಲಿ ಅಂಥ ರಸ ಕುಡಿದು ಪ್ರಾಣ ಹೋದ ಮೇಲೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯೇ ಎಚ್ಚರಿಸಿತು. ನಮ್ಮ ಅಜ್ಜಿಯರು ಸೋರೆಕಾಯಿ ಹೆಚ್ಚುವ ಮೊದಲು ತುದಿಯ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸುತ್ತಿದ್ದದ್ದು ಇದಕ್ಕೇ. ಗಣಿಕೆಯ ಹಸಿರು ಕಾಯಿಯನ್ನು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಪಾಲಕ್, ಗೋಣಿಸೊಪ್ಪನ್ನು ವೈದ್ಯರನ್ನು ಕೇಳಿಯೇ ತಿನ್ನಿ. ಕೊಳಚೆ ಹರಿಯುವ ರಾಜಕಾಲುವೆಯ ಪಕ್ಕದಲ್ಲಿ ಹೊನಗೊನ್ನೆ ಎಷ್ಟೇ ಸೊಗಸಾಗಿ ಬೆಳೆದಿರಲಿ, ಅದಕ್ಕೆ ಕೈ ಹಾಕಬೇಡಿ.

ಬೆಲ್ಲದ ಬಗ್ಗೆಯೂ ಒಂದು ಮಾತು. ಸಕ್ಕರೆ ಬಿಟ್ಟೆವು, ಬೆಲ್ಲ ಹಿಡಿದೆವು ಎನ್ನುವವರು ಅಂಗಡಿಗೆ ಹೋಗಿ ಬಂಗಾರದ ಬಣ್ಣದ ಅಚ್ಚನ್ನೇ ಆರಿಸುತ್ತಾರೆ. ಆ ಬಣ್ಣ ಬರುವುದು ಅನೇಕ ಸಲ ಹೈಡ್ರೋಸ್ ಎಂದು ಆಲೆಮನೆಯವರು ಕರೆಯುವ ರಾಸಾಯನಿಕದಿಂದ. ಕಪ್ಪಗೆ, ಸ್ವಲ್ಪ ಜಿನುಗುವ ಬೆಲ್ಲವೇ ವಾಸಿ. ಆದರೂ ಅದು ಸಿಹಿಯೇ. ಸಕ್ಕರೆ ಕಾಯಿಲೆ ನಿಮ್ಮ ಬೆಲ್ಲದ ಊರು ಯಾವುದು ಎಂದು ಕೇಳುವುದಿಲ್ಲ.

ಒಬ್ಬ ಹುಡುಗಿ ಕೇಳಿದಳು: ‘ಆಂಟಿ, ಅವರೆಕಾಯಿ ಬೆಳೆಯಬಹುದೇ?’ ಬೆಂಗಳೂರಿನವರು ಇದನ್ನು ಕೇಳದೆ ಸಭೆ ಮುಗಿಯುವುದಿಲ್ಲ. ಬೆಳೆಯಬಹುದು ಮಗಳೇ, ಆದರೆ ಅದಕ್ಕೆ ಅದರದೇ ಪಂಚಾಂಗ ಇದೆ. ನಾಟಿ ಅವರೆಗೆ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವ ಮನಸ್ಸಿಲ್ಲ. ಜುಲೈನಲ್ಲಿ ಬಿತ್ತಿದರೂ, ಆಗಸ್ಟಿನಲ್ಲಿ ಬಿತ್ತಿದರೂ ಕಾಯಿ ತುಂಬುವುದು ಮಂಜು ಬೀಳುವ ಡಿಸೆಂಬರಿನಲ್ಲೇ. ನಮ್ಮ ಕೃಷಿ ವಿಶ್ವವಿದ್ಯಾನಿಲಯದವರು ‘ಹೆಬ್ಬಾಳ ಅವರೆ’ ಎಂಬ ತಳಿಗಳನ್ನು ತಂದರು, ಅವುಗಳಲ್ಲಿ ಕೆಲವಕ್ಕೆ ಈ ಕಟ್ಟಳೆ ಇಲ್ಲ, ವರ್ಷವಿಡೀ ಕಾಯಿ ಬಿಡುತ್ತವೆ. ಒಳ್ಳೆಯ ಕೆಲಸವೇ. ಆದರೆ ಮೇ ತಿಂಗಳ ಅವರೆಯಲ್ಲಿ ನನ್ನ ಮೂಗಿಗೆ ಸೊಗಡು ಸಿಗುವುದಿಲ್ಲ. ಸಿಪ್ಪೆ ಸುಲಿದ ಮೇಲೆ ಬೆರಳಿಗೆ ಅಂಟಿ, ಎರಡು ಸಲ ಸೋಪು ಹಾಕಿದರೂ ಹೋಗದ ಆ ಎಣ್ಣೆಯಂಥ ವಾಸನೆ ಇಲ್ಲದಿದ್ದರೆ ಹಿತಕಿದಬೇಳೆ ಸಾರು ಯಾಕೆ ಮಾಡಬೇಕು? ವರ್ಷಕ್ಕೆ ಎಂಟು ವಾರ ತಿಂದು, ನಲವತ್ತನಾಲ್ಕು ವಾರ ಕಾಯುತ್ತೇನೆ.

ಕೊನೆಯ ಪ್ರಶ್ನೆ ಮೊದಲು ಕೇಳಿದ ಹಿರಿಯರದೇ: ‘ಹಾಗಾದರೆ ಈಗ ನಿಮ್ಮ ಸೊಪ್ಪು ಕಿಲೊಗೆ ಎಷ್ಟು ಬೀಳುತ್ತದೆ?’ ಕಳೆದ ವರ್ಷದ ಲೆಕ್ಕ ಇಲ್ಲಿದೆ. ಬೀಜ, ಕೋಕೋಪೀಟ್, ಬೇವಿನೆಣ್ಣೆ ಸೇರಿ 1,640 ರೂಪಾಯಿ. ಸೊಪ್ಪು 82 ಕಿಲೊ. ಕಿಲೊಗೆ ಇಪ್ಪತ್ತು ರೂಪಾಯಿ. ನನ್ನ ಕೂಲಿಯನ್ನು ಸೇರಿಸಿಲ್ಲ, ನಿಮ್ಮ ಪ್ರಶ್ನೆಯಲ್ಲಿ ಅದು ಇರಲಿಲ್ಲ.

ಹೊರಗೆ ಮೇಜಿನ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹೊನಗೊನ್ನೆ, ಬಸಳೆ ಕಡ್ಡಿಗಳಿವೆ. ಒಬ್ಬರಿಗೆ ಮೂರು ಮೂರು. ಎಲೆಗಳನ್ನು ಬಿಡಿಸಿ ಇವತ್ತಿನ ಬೇಳೆಗೆ ಹಾಕಿ, ಕಡ್ಡಿಯನ್ನು ಒದ್ದೆ ಮಣ್ಣಿನಲ್ಲಿ ಎರಡು ಗಿಣ್ಣು ಮುಳುಗುವಂತೆ ನೆಡಿ. ವಾರ ಹತ್ತು ದಿನದಲ್ಲಿ ಬೇರು ಬಿಡುತ್ತವೆ. ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿದ್ದೇನೆ. ಓರೆ ಇರುವುದು ಮಣ್ಣಿಗೆ. ಕಳೆದ ಸಲ ಒಬ್ಬರು ಮೂರನ್ನೂ ತಲೆಕೆಳಗಾಗಿ ನೆಟ್ಟು, ಬೇರು ಬರಲಿಲ್ಲ ಎಂದು ಫೋನ್ ಮಾಡಿದ್ದರು.